ಬೀಗ ಹಾಕಿದ ಮನೆಯಲ್ಲಿ ಎಷ್ಟು ಜನ?

[ದೃಶ್ಯ: ಯಾದಗಿರಿ ರೈಲು ನಿಲ್ದಾಣ, ಸಂಜೆ. ಪ್ಲಾಟ್‌ಫಾರ್ಮಿನಲ್ಲಿ ಸಾಮಾನಿನ ಜೊತೆ ಕುಳಿತ ಕುಟುಂಬಗಳು]

ಶರಣ್ರೀ ಎಲ್ಲರಿಗೂ. ತೊಗರಿ ರಾಶಿ ಮುಗಿದಿದೆ. ಇಲ್ಲಿ ನೋಡಿ, ಗೋಣಿಚೀಲ, ಹಾಸಿಗೆ, ರೊಟ್ಟಿ ಗಂಟು. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಿಕ್ಕಿಗೆ ಹೋದರೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಮುಂಬೈ. ಮುಂಗಾರು ಬರುವ ಹೊತ್ತಿಗೆ ಇವರಲ್ಲಿ ಜಾಸ್ತಿ ಜನ ವಾಪಸ್ ಬರುತ್ತಾರೆ. ಹೀಗೆ ದುಡಿಯಲು ಊರು ಬಿಟ್ಟು ಹೋಗಿ ಬರುವುದನ್ನು ನಾವು ಗುಳೆ ಅನ್ನುತ್ತೇವೆ. ಹಾಗಾದರೆ ಇವರ ಊರಲ್ಲಿ ಈಗ ಎಷ್ಟು ಜನ ಇದ್ದಾರೆ?

[ದೃಶ್ಯ: ಕಪ್ಪು ಹಲಗೆ, ಸೀಮೆಸುಣ್ಣ]

ಒಂದು ತಾಂಡಾ ಅಂದುಕೊಳ್ಳಿ. 1,000 ಜನ. ವರ್ಷದಲ್ಲಿ 20 ಮಕ್ಕಳು ಹುಟ್ಟಿದವು, 7 ಜನ ತೀರಿಕೊಂಡರು. ಸಾವಿರಕ್ಕೆ 20, ಇದು ಜನನ ದರ. ಸಾವಿರಕ್ಕೆ 7, ಇದು ಮರಣ ದರ. ಉಳಿದ 13 ಸಹಜ ಹೆಚ್ಚಳ. ಅಲ್ಲಿಗೆ 1,013. ಆದರೆ ಲೆಕ್ಕ ಮುಗಿಯಲಿಲ್ಲ. 10 ಸೊಸೆಯಂದಿರು ಬಂದರು, 10 ಹೆಣ್ಣುಮಕ್ಕಳು ಗಂಡನ ಮನೆಗೆ ಹೋದರು. ಇನ್ನೂ 25 ಜನ ಊರು ಬಿಟ್ಟು ಪಟ್ಟಣದಲ್ಲೇ ನೆಲೆಸಿದರು. ಈಗ 988. ತೊಟ್ಟಿಲು ತೂಗುತ್ತಲೇ ಇದೆ, ಊರು ಮಾತ್ರ ಸಣ್ಣದಾಯಿತು.

ಹುಟ್ಟು, ಸಾವು, ಬಂದವರು, ಹೋದವರು. ಯಾವ ಊರಿಗೂ, ಯಾವ ದೇಶಕ್ಕೂ ಈ ನಾಲ್ಕೇ. ಇಡೀ ಭೂಮಿಯ ಲೆಕ್ಕ ತೆಗೆದರೆ ಎರಡೇ, ಹೊರಗಿನಿಂದ ಬರುವವರು ಯಾರೂ ಇಲ್ಲವಲ್ಲ!

ಕಾಗದದ ಮೇಲಿನ ಅಂಕಿ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. 2001ರಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯ ಜನ 31 ಲಕ್ಷ ದಾಟಿದ್ದರು. 2011ಕ್ಕೆ ಸುಮಾರು 25.7 ಲಕ್ಷ. ಐದೂವರೆ ಲಕ್ಷ ಜನ ಎಲ್ಲಿ ಹೋದರು? ಎಲ್ಲೂ ಹೋಗಲಿಲ್ಲ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಅಷ್ಟೇ. ಆ ಹತ್ತು ವರ್ಷದಲ್ಲಿ ಯಾದಗಿರಿ ಭಾಗದ ಜನ ಶೇ 22ಕ್ಕೂ ಜಾಸ್ತಿ ಬೆಳೆದಿದ್ದರು. ರಾಜ್ಯದ ಬೆಳವಣಿಗೆ ಶೇ 15.6 ಮಾತ್ರ.

'ಈಗ ಎಲ್ಲರಿಗೂ ಒಂದೆರಡೇ ಮಕ್ಕಳು, ಜನ ಇನ್ನೂ ಯಾಕೆ ಹೆಚ್ಚುತ್ತಿದ್ದಾರೆ' ಎಂದು ಕೇಳುತ್ತೀರಿ. ಒಂದು ಪೀಳಿಗೆ ತನ್ನ ಜಾಗ ತುಂಬಲು ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7. ಆದರೆ ಹಿಂದೆ ಹುಟ್ಟಿದ ದೊಡ್ಡ ಗುಂಪು ಈಗ ತಾಯಿ ತಂದೆಯಾಗುವ ವಯಸ್ಸಿನಲ್ಲಿದೆ. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆ, ತಾಯಂದಿರೇ ಜಾಸ್ತಿ. ಎತ್ತು ನಿಂತ ಮೇಲೂ ಬಂಡಿ ಸ್ವಲ್ಪ ಮುಂದೆ ಉರುಳುತ್ತದೆ, ಅಲ್ವಾ?

[ದೃಶ್ಯ: ಬೀದರ್, ಗವಾನ್ ಮದರಸಾದ ಮಿನಾರು, ನೀಲಿ ಹೆಂಚು]

ಇನ್ನು ವಲಸೆ. ಹುಮನಾಬಾದಿನ ಹುಡುಗಿಯನ್ನು ಆಳಂದಕ್ಕೆ ಕೊಟ್ಟರೆ ಜನಗಣತಿಯಲ್ಲಿ ಅವಳೂ ವಲಸೆಗಾರಳೇ. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳ ವಲಸೆಗೆ ಅತಿ ದೊಡ್ಡ ಕಾರಣ ಮದುವೆ. ದೇಶ ದಾಟಿ ಬಂದು ನೆಲೆಸಿದರೆ ಅದು ಇಮಿಗ್ರೇಶನ್. ಅದು ನಮಗೆ ಹೊಸದೇನಲ್ಲ. ಮಹಮೂದ್ ಗವಾನ್ ಇರಾನಿನ ಗೀಲಾನ್‌ನಿಂದ 1453ರಲ್ಲಿ ಬೀದರಿಗೆ ಬಂದ ವ್ಯಾಪಾರಿ. ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ, 1472ರಲ್ಲಿ ಈ ಮದರಸಾ ಕಟ್ಟಿಸಿದ.

[ದೃಶ್ಯ: ಮತ್ತೆ ಪ್ಲಾಟ್‌ಫಾರ್ಮ್]

ಗುಳೆಯ ಮಾತಿಗೆ ಮರಳೋಣ. ನನಗೆ ಇದೇ ಮುಖ್ಯ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಅಂದರೆ ಗುಳೆಯ ಕಾಲ. ಆ ಇಪ್ಪತ್ತು ದಿನದಲ್ಲಿ ಒಮ್ಮೆಯೂ ಮನೆಯಲ್ಲಿ ಇರದವರನ್ನು, ಅವರು ಎಲ್ಲಿ ಸಿಗುತ್ತಾರೋ ಅಲ್ಲೇ ಎಣಿಸಬೇಕು ಅನ್ನುವುದು ನಿಯಮ. ಊರಲ್ಲಿ ಮುತ್ಯಾ, ಆಯಿ, ಶಾಲೆಗೆ ಹೋಗುವ ಮೊಮ್ಮಗಳು ಲೆಕ್ಕಕ್ಕೆ ಸಿಗುತ್ತಾರೆ. ಮಗ ಸೊಸೆ ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಇರುತ್ತಾರೆ. ಶೆಡ್ಡಿಗೆ ಎಣಿಸುವವರು ಹೋಗದಿದ್ದರೆ ಅವರು ಎಲ್ಲಿಯೂ ಇಲ್ಲ. ಎಣಿಸಿದರೂ ಜೂನ್‌ನಲ್ಲಿ ವಾಪಸ್ ಬಂದು ಬಿತ್ತುವವರು ಇವರೇ ಎಂದು ಆ ಅಂಕಿ ಹೇಳುವುದಿಲ್ಲ. ಇದು ಸುಮ್ನೆ ಲೆಕ್ಕದ ಮಾತಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನರಿಗೆ ರೇಷನ್ ಅನ್ನುವುದು ಇಂದಿಗೂ 2011ರ ಅಂಕಿಯ ಮೇಲೆ ನಿಂತಿದೆ.

ಮುಂದಿನ ಜನಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಮತ್ತೆ ತೊಗರಿ ರಾಶಿ ಮುಗಿದ ಮೇಲೆ. ನಿಮ್ಮ ಅಣ್ಣನೋ ತಮ್ಮನೋ ಆಗ ದುಡಿಯಲು ಹೋಗಿದ್ದರೆ ಒಂದು ಫೋನ್ ಮಾಡಿ. 'ಎಣಿಸುವವರು ನಿಮ್ಮ ಶೆಡ್ಡಿಗೆ ಬಂದಿದ್ರಾ, ಹೆಸರು ಬರೆದುಕೊಂಡ್ರಾ' ಎಂದು ಕೇಳಿ.