ಸೇತುವೆ ಬಂದ್ ಮಾಡ್ಸಿದ್ದು ಬಾವಲಿ ಅಲ್ಲ ಕಣ್ರಪ್ಪಾ!

ನಮಸ್ಕಾರ ಕಣ್ರಪ್ಪಾ, ಮಂಡ್ಯದಿಂದ ನಿಮ್ಮ ಗೆಳೆಯ ಮತ್ತೆ ಬಂದವ್ನೆ. ಹೋದ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಏನ್ ಬರ್ದವ್ನೆ ಗೊತ್ತಾ, "ಅಣ್ಣ, ನಮ್ಮ ನಾಲೆ ಸೇತುವೆ ಬಂದ್ ಆಗಿರೋದು ಬಾವಲಿ ಕಾಟಕ್ಕೆ, ಕೆಳಗೆ ನಾಲ್ಕು ಪಟಾಕಿ ಹೊಡೆದ್ರೆ ನಾಳೆನೇ ಓಪನ್ ಆಯ್ತದೆ" ಅಂತ. ಆ ಕಾಮೆಂಟಿಗೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕು! ಹೊಟ್ಟೆ ಉರಿಯಲ್ವಾ?

ಬಾವಲಿ ಕಾಟ ಅಂತೆ. ಸೇತುವೆ ಸಂದೀಲಿ ಸೇರ್ಕೊಳೋ ಹುಳ ತಿನ್ನೋ ಬಾವಲಿ ಇದಾವಲ್ಲ, ಅದರಲ್ಲಿ ಕೆಲವು ಹತ್ತು ಗ್ರಾಂ ಕೂಡ ತೂಗಲ್ಲ. ಮೇಲೆ ಹೋಗೋದೇನು? ಕಬ್ಬಿನ ಸೀಸನ್ ಬಂತಂದ್ರೆ ಟ್ರಾಕ್ಟರು, ಅದರ ಹಿಂದೆ ಟ್ರೈಲರು, ಎದುರಿಗೆ ಎಂ ಸ್ಯಾಂಡ್ ಟಿಪ್ಪರು, ರಾತ್ರಿಯೆಲ್ಲಾ ಗಡಗಡ ಅಂತ ಓಡಾಡ್ತವೆ, ಯಾರೂ ತೂಕ ಹಾಕಲ್ಲ, ಯಾರೂ ಕೇಳಲ್ಲ. ಸೇತುವೆ ಬಿರುಕು ಬಿಡ್ತು, ಬಿರುಕಿಗೆ ಬಾವಲಿ ಬಂತು. ಬಾವಲಿ ಬಂದು ಬಿರುಕು ಬಿಡಿಸ್ಲಿಲ್ಲ!

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೋಡಿದೀರಲ್ವಾ? 1804ರದ್ದು, ದಿವಾನ್ ಪೂರ್ಣಯ್ಯನವರ ಕಾಲದ್ದು, ಕಲ್ಲು ಕಂಬದ ಮೇಲೆ ನಿಂತು ಎಷ್ಟು ಕಾವೇರಿ ಪ್ರವಾಹ ತಡ್ಕೊಂಡೈತೆ. ಅಲ್ಲಿ ಸಂದಿಗೇನು ಬರಗಾಲವಾ? ನಮ್ಮ ಸೇತುವೆ ಅದರ ಮೊಮ್ಮಗನ ವಯಸ್ಸೂ ಆಗಿಲ್ಲ, ಆಗ್ಲೇ ಬೋರ್ಡ್ ನೇತಾಕವ್ರೆ. (ಆ ಬೋರ್ಡಲ್ಲೂ ಎರಡು ಅಕ್ಷರ ತಪ್ಪು, ಅದು ಬೇರೆ ವಿಡಿಯೋ.)

ಇನ್ನೊಬ್ಬರು, ಡಿಪಿಯಲ್ಲಿ ಹೆಲ್ಮೆಟ್ ಹಾಕ್ಕೊಂಡವ್ರೆ, ಇಂಜಿನಿಯರ್ ಇರಬೇಕು, "ಬಾವಲಿ ಹಿಕ್ಕೆ ಕಬ್ಬಿಣ ತಿಂತದೆ ಬ್ರೋ" ಅಂತಾರೆ. ಆಯ್ತು ಸ್ವಾಮಿ, ತಿನ್ಲಿ. ಅದನ್ನ ಆಗಾಗ ತೊಳೆಸೋದಕ್ಕೆ ಮೈಂಟೆನೆನ್ಸ್ ಅಂತಾರೆ. ಆ ಕೆಲಸ ಯಾರ್ದು, ಬಾವಲಿದಾ?

ಆಮೇಲೆ ನಿಫಾ, ಅದೇ ಬಾವಲಿಯಿಂದ ಹರಡೋ ವೈರಸ್ ಕಾಯಿಲೆ. ಬಂದೇ ಬರ್ತದೆ ನಿಫಾ ಮಾತು. 2018ರಲ್ಲಿ ಕೇರಳದ ಕೋಳಿಕ್ಕೋಡಲ್ಲಿ ಆಗಿದ್ದಕ್ಕೆ ನಂಟಿರೋದು ಹಣ್ಣು ತಿನ್ನೋ ದೊಡ್ಡ ಬಾವಲಿಗೆ, ಮರದಲ್ಲಿ ಜೋತಾಡ್ತವಲ್ಲ ಅವು. ನಮ್ಮ ಸೇತುವೆ ಬಾವಲಿಗಳು ಸಾಯಂಕಾಲ ಆಚೆ ಬಂದು ಹುಳ ಹುಪ್ಪಟೆ ಮುಗಿಸೋವು, ಗದ್ದೆ ಬಯಲಲ್ಲಿ ಪುಕ್ಕಟೆ ಕೂಲಿ! ಕೈಯಲ್ಲಿ ಮುಟ್ಬೇಡಿ, ಅಷ್ಟೇ. ಯಾರು ಮುಟ್ಟು ಅಂದ್ರು?

ಅಮೆರಿಕದ ಆಸ್ಟಿನ್ ಅಂತ ಊರೈತೆ, ಟೆಕ್ಸಾಸಲ್ಲಿ. 1980ರಲ್ಲಿ ಅಲ್ಲಿ ಕಾಂಗ್ರೆಸ್ ಅವೆನ್ಯೂ ಸೇತುವೆ ರಿಪೇರಿ ಮಾಡಿದ್ರು, ಕೆಳಗಿನ ಸಂದಿಗಳು ಬಾವಲಿಗೆ ಹೇಳಿ ಮಾಡಿಸ್ದಂಗೆ ಕೂತ್ಕೊಂಡ್ವು, ಲಕ್ಷಗಟ್ಲೆ ಬಂದು ಸೇರ್ಕೊಂಡ್ವು. ಮೊದಲು ಅಲ್ಲೂ ಜನ ಓಡಿಸ್ರೋ ಅಂತಿದ್ರು. ಈಗ ಸಂಜೆ ಆದ್ರೆ ಟೂರಿಸ್ಟುಗಳು ಸಾಲಾಗಿ ನಿಂತು ನೋಡ್ತಾರೆ. ಮೇಲೆ ಕಾರು ಓಡಾಡ್ತಾನೇ ಅವೆ. ಕೆಳಗೆ ಲಕ್ಷಗಟ್ಲೆ ಬಾವಲಿ ಇರೋ ಸೇತುವೆ ನಿಂತೈತೆ, ನಮ್ದು ಎಷ್ಟಿದ್ದಾವು, ಒಂದು ಗೋಣಿಚೀಲ ತುಂಬಲ್ಲ, ನಮ್ಮ ಸೇತುವೆ ಬಂದ್! ಅರ್ಥ ಆಯ್ತಾ? ಬಾವಲಿ ಅಲ್ಲ!

ಹಾಂ, ಮಧ್ಯದಲ್ಲಿ ಒಂದು ಮಾತು, ನಮ್ಮ ಭಾವನ ಆಲೆಮನೆ ಬೆಲ್ಲ ಬೇಕಾದವ್ರು ಮೆಸೇಜ್ ಮಾಡಿ, ಅಚ್ಚು ಬೆಲ್ಲ, ಪುಡಿ ಎರಡೂ ಐತೆ. ಆ ಸೇತುವೆ ಸುತ್ಕೊಂಡು ತರಬೇಕು, ಅದಕ್ಕೇ ರೇಟು ಸ್ವಲ್ಪ ಜಾಸ್ತಿ, ಅದಕ್ಕೂ ಬಾವಲಿನೇ ಕಾರಣ ಅನ್ಬೇಡಿ ಮತ್ತೆ.

ಪಟಾಕಿ ತಗೊಂಡು ಹೋಗೋ ಶೂರರೇ, ಹೆಚ್ಚಿನ ಬಾವಲಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕೋದು, ಒಂದು ರಾತ್ರಿ ನಿಮ್ಮ ಸದ್ದಿಗೆ ಎಲ್ಲಾ ಉದುರ್ಕೊಂಡು ಹೋಯ್ತವೆ, ಬಿರುಕು ಮಾತ್ರ ಅಲ್ಲೇ ಇರ್ತದೆ. ಆಗ ಯಾರನ್ನ ಬೈತೀರಾ? ಕಪ್ಪೆನಾ? ಬಾವಲಿ ಟೆಂಡರ್ ಹಾಕಿತ್ತಾ? ಬಿಲ್ ಪಾಸ್ ಮಾಡಿಸ್ಕೊಂಡಿತ್ತಾ? ಸಿಮೆಂಟಿಗೆ ಮರಳು ಜಾಸ್ತಿ ಸುರಿದಿತ್ತಾ? ಇಲ್ಲ ತಾನೇ? ಮತ್ತೆ? ಬಾವಲಿ ಅಲ್ಲ, ಬಾವಲಿ ಅಲ್ಲ, ಬಾವಲಿ ಅಲ್ಲ! ಒಪ್ಪಲ್ವಾ, ಕೆಳಗೆ ಬಂದು ಬೈರಿ, ಬೇಜಾರಿಲ್ಲ, ಸಬ್‌ಸ್ಕ್ರೈಬ್ ಮಾಡ್ಕೊಂಡು ಬೈರಿ.