ಹಿಂದಿನ ಸಾಲಿಗೆ ಸ್ಟಾರ್ಟ್ ಗೆರೆ ಕಾಣುವುದಿಲ್ಲ

ಎಲ್ಲರಿಗೂ ನಮಸ್ಕಾರ. ಭಾನುವಾರದ 10 ಕಿಲೋಮೀಟರ್ ಓಟಕ್ಕೆ ನಸುಕಿಗೇ ಎದ್ದು, ಬೇರೆಯವರು ಓಡಲಿ ಅಂತ ಬ್ಯಾರಿಕೇಡ್ ಪಕ್ಕ ನಿಲ್ಲಲು ಒಪ್ಪಿಕೊಂಡವರು ನೀವು. ನಿಮ್ಮ ಮುಂದೆ ಮಾತಾಡುವುದು ನನಗೆ ನಿಜಕ್ಕೂ ಖುಷಿ.

ಕೆಲವು ವರ್ಷಗಳ ಹಿಂದೆ ನಮ್ಮೂರಲ್ಲೇ ಒಂದು ಓಟ. ನಾನು ಗುಂಪಿನ ನಡುವೆ ಎಲ್ಲೋ ನಿಂತಿದ್ದೆ. ನನ್ನ ಮುಂದಿದ್ದ ಹುಡುಗಿಯ ಶೂ ಲೇಸ್ ಬಿಚ್ಚಿಕೊಂಡಿತ್ತು. ಕಟ್ಟಿಕೊಳ್ಳಲು ಬಗ್ಗಿದಳು. ಅದೇ ಹೊತ್ತಿಗೆ ಮೈಕಿನಲ್ಲಿ ಹತ್ತು, ಒಂಬತ್ತು, ಎಂಟು ಅಂತ ಎಣಿಕೆ ಶುರುವಾಯಿತು. ಹಿಂದಿನಿಂದ ಒಂದು ಒತ್ತು ಬಂತು. ಯಾರೂ ಬೇಕಂತ ತಳ್ಳಿದ್ದಲ್ಲ. ಎಲ್ಲರೂ ಒಂದೊಂದು ಹೆಜ್ಜೆ ಮುಂದಿಟ್ಟಿದ್ದರು, ಅಷ್ಟೆ. ನನ್ನ ಮೊಣಕಾಲು ಅವಳ ಬೆನ್ನಿಗೆ ಬಡಿಯಿತು. ನಿಲ್ಲೋಣ ಅಂದರೆ ಆಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವಳ ತೋಳು ಹಿಡಿದು ಎತ್ತಿದರು. "ಆಮೇಲೆ ಕಟ್ಕೊಳಮ್ಮ, ಮೊದ್ಲು ಎದ್ದೇಳು" ಅಂದರು. ಅಂಗೈ ತರಚಿತ್ತು, ಬೇರೇನೂ ಆಗಲಿಲ್ಲ. ಆದರೆ ನನ್ನ ಕಾಲು ನನ್ನ ಮಾತು ಕೇಳದೇ ಹೋದ ಆ ಎರಡು ಸೆಕೆಂಡು ಇನ್ನೂ ಮರೆತಿಲ್ಲ.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದು ಓಟವಲ್ಲ, ನಿಜ. ಆದರೆ ಊರಿನ ಯಾವ ಜನಸಂದಣಿಯ ಕೆಲಸಕ್ಕೆ ನಿಂತರೂ ನನಗೆ ಆ ದಿನ ನೆನಪಾಗುತ್ತದೆ.

ಇಲ್ಲಿ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದು ಚೌಕ ಬರೆದಿದ್ದೇನೆ ನೋಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಇದರಲ್ಲಿ ಇಬ್ಬರು ನಿಂತರೆ ಆರಾಮ. ಲೇಸ್ ಕಟ್ಟಬಹುದು, ಮೈ ಸಡಿಲ ಮಾಡಿಕೊಳ್ಳಬಹುದು. ನಾಲ್ವರಾದರೆ ತೋಳಿಗೆ ತೋಳು ತಾಗುತ್ತದೆ. ಐವರಾದರೆ ಅಪಾಯ ಶುರು. ಆರೇಳು ಜನ ಆದರೆ ಯಾರ ಕಾಲೂ ಅವರ ಕೈಯಲ್ಲಿರುವುದಿಲ್ಲ. ಗುಂಪು ನೀರಿನ ಹಾಗೆ ಆ ಕಡೆ ಈ ಕಡೆ ತುಳುಕುತ್ತದೆ. ಭಾನುವಾರ ನಿಮ್ಮ ಕಣ್ಣು ಈ ಚೌಕವನ್ನೇ ಹುಡುಕುತ್ತಿರಲಿ.

ಇನ್ನು ಒಂದು ಚಿಕ್ಕ ಲೆಕ್ಕ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 82 ಜನ ದಾಟಬಹುದು. ಸ್ಟೇಡಿಯಂ ಸುರಕ್ಷತೆಗೆ ಬ್ರಿಟನ್‌ನಲ್ಲಿ ಬಳಸುವ ಅಂಕಿ ಇದು. ನಮ್ಮ ಸ್ಟಾರ್ಟ್ 8 ಮೀಟರ್ ಅಗಲ ಇದೆ ಅಂದುಕೊಳ್ಳಿ. ನಿಮಿಷಕ್ಕೆ ಸುಮಾರು 650 ಜನ. 10,000 ಜನ ದಾಟಲು ಕಾಲು ಗಂಟೆ ಬೇಕೇ ಬೇಕು. ಹಿಂದಿನವರು ಎಷ್ಟೇ ನುಗ್ಗಿದರೂ ಈ ಕಾಲು ಗಂಟೆ ಕಮ್ಮಿಯಾಗಲ್ಲ. ಹೇಗೂ ಕಾಯಲೇಬೇಕು ಅಂದಮೇಲೆ, ಎಲ್ಲರನ್ನೂ ಒಂದೇ ಕಡೆ ತುಂಬಿ ಕಾಯಿಸುವುದು ಯಾಕೆ? ವೇವ್‌ಗಳಾಗಿ, ಅಂದರೆ ಚಿಕ್ಕ ಚಿಕ್ಕ ತಂಡಗಳಾಗಿ ಬಿಡಿಸಿ, ನಡುವೆ ಕೆಲವು ನಿಮಿಷ ಅಂತರ ಕೊಟ್ಟು ಕಳಿಸೋಣ.

ಬಿಬ್‌ನಲ್ಲಿ, ಅಂದರೆ ಓಟಗಾರರು ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯಲ್ಲಿ, ಚಿಪ್ ಇದೆ. ಸ್ಟಾರ್ಟ್ ಗೆರೆಯಲ್ಲಿ ಹಾಸಿರುವ ಮ್ಯಾಟ್ ಮೇಲೆ ಕಾಲಿಟ್ಟಾಗಲೇ ಅವರವರ ಟೈಮ್ ಶುರು. ಗನ್ ಟೈಮ್, ಅಂದರೆ ಓಟ ಶುರುವಾದ ಸೂಚನೆಯಿಂದ ಎಣಿಸುವ ಟೈಮ್, ಮುಖ್ಯವಾಗುವುದು ಗೆಲ್ಲಲು ಓಡುವ ಎಲೀಟ್‌ಗಳಿಗೆ. ಇದನ್ನು ದಯವಿಟ್ಟು ಪ್ರತಿ ವೇವ್‌ನಲ್ಲೂ ಕೂಗಿ ಹೇಳಿ. ಎಷ್ಟೋ ಜನಕ್ಕೆ ಈಗಲೂ ಗೊತ್ತಿಲ್ಲ, ಅದಕ್ಕೇ ಚಡಪಡಿಸುತ್ತಾರೆ.

ನಮ್ಮ ವರ್ಲ್ಡ್ 10ಕೆ ಶುರುವಾಗಿದ್ದು 2008ರಲ್ಲಿ. ಅಲ್ಲಿಂದೀಚೆಗೆ ಬೆಂಗಳೂರು ಓಡುವುದನ್ನು ಚೆನ್ನಾಗಿ ಕಲಿತಿದೆ. ಕಾಯುವುದನ್ನು ಇನ್ನೂ ಕಲಿಯಬೇಕು. ಹೆಸರು ನೋಂದಾಯಿಸುವಾಗ 75 ನಿಮಿಷದವರು 55 ಅಂತ ಬರೆಯುತ್ತಾರೆ, ಮುಂದೆ ಜಾಗ ಸಿಗಲಿ ಅಂತ. ಆಮೇಲೆ ಮೊದಲ ಕಿಲೋಮೀಟರಿನಲ್ಲೇ ನಾಲ್ವರು ಗೆಳೆಯರು ಕೈಕೈ ಹಿಡಿದು ನಡೆಯುತ್ತಾರೆ, ಹಿಂದೆ ವೇಗವಾಗಿ ಬರುವವರು ಎಡವುತ್ತಾರೆ. ಬಿಬ್ ಬಣ್ಣ ನೋಡಿ, ತಪ್ಪು ವೇವ್‌ಗೆ ಬಂದವರನ್ನು ಪ್ರೀತಿಯಿಂದಲೇ ಹಿಂದಕ್ಕೆ ಕಳಿಸಿ. ಆದರೆ ಬಿಡಬೇಡಿ.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಫ್ರಾನ್ಸಿನ ಲಿಯೋನ್ ನಗರದ ಇಬ್ಬರು ಭೌತವಿಜ್ಞಾನಿಗಳು, ನಿಕೊಲಾ ಬೇನ್ ಮತ್ತು ಡೆನಿ ಬಾರ್ತೊಲೊ, ಶಿಕಾಗೊ ಮ್ಯಾರಥಾನಿನ ಸ್ಟಾರ್ಟ್ ಅನ್ನು ವಿಡಿಯೋ ಮಾಡಿ ಅಳೆದರು. 2019ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಸಿಬ್ಬಂದಿ ಸಾಲಾಗಿ ನಿಂತು ಓಟಗಾರರನ್ನು ತಡೆದು, ನಿಧಾನವಾಗಿ ಗೆರೆಯ ಕಡೆ ನಡೆಸಿಕೊಂಡು ಹೋಗುತ್ತಾರೆ. ಮುಂದಿನವರು ಹೊರಟ ಸುದ್ದಿ ಗುಂಪಿನೊಳಗೆ ಅಲೆಯ ಹಾಗೆ ಹಿಂದಕ್ಕೆ ಹೋಗುತ್ತದೆ. ಅದರ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಸಿರು ಬಿದ್ದರೂ ಹಿಂದಿನ ಬಸ್ಸು ಎಷ್ಟೋ ಹೊತ್ತು ಅಲ್ಲಾಡುವುದಿಲ್ಲ ಅಲ್ವಾ, ಹಾಗೆ. 200 ಮೀಟರ್ ಹಿಂದೆ ನಿಂತವರಿಗೆ ಮುಂದಿನವರು ಹೊರಟಿದ್ದು ಮುಟ್ಟಲು ಎರಡೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ಗೆರೆಯಲ್ಲಿ ಡೋಲು, ಸಂಗೀತ, ಚಪ್ಪಾಳೆ. ಹಿಂದೆ ಮೌನ. ಸದ್ದು ಕೇಳುತ್ತದೆ, ಏನೂ ಕಾಣಲ್ಲ. ಹೆಜ್ಜೆ ಮುಂದಿಡಬೇಕು ಅನಿಸುವುದು ಆಗಲೇ. ಎಲ್ಲೋ ನಡುವೆ ಒಬ್ಬಳು ಲೇಸ್ ಕಟ್ಟಲು ಬಗ್ಗಿರುತ್ತಾಳೆ.

ಹಾಗಾಗಿ ಒಳ್ಳೆಯ ಮಾತುಗಾರರನ್ನು ಹಿಂದಕ್ಕೂ ಹಾಕಿ ಅಂತ ನಾನು ಆಯೋಜಕರಿಗೆ ಹೇಳುತ್ತಲೇ ಇರುತ್ತೇನೆ. ಹಿಂದೆ ಒಂದು ಸ್ಪೀಕರ್, ಒಂದು ಏಣಿ, ಏಣಿಯ ಮೇಲೆ ಮೈಕ್ ಹಿಡಿದ ಒಬ್ಬರು. "ಮೊದಲ ವೇವ್ ಹೋಯ್ತು. ನಿಮ್ಮದು ಇನ್ನು ಆರು ನಿಮಿಷ. ಸುಮ್ನೆ ನಿಂತಿರಿ, ನೀರು ಕುಡೀರಿ." ಇಷ್ಟು ಕೇಳಿದರೆ ಜನ ನಿಲ್ಲುತ್ತಾರೆ. ಕನ್ನಡದಲ್ಲೂ ಹೇಳಿ, ಹಿಂದಿ, ಇಂಗ್ಲಿಷ್‌ನಲ್ಲೂ ಹೇಳಿ.

ಗೆರೆ ದಾಟಿದ ಮೇಲಿನ ಜಾಗವನ್ನೂ ನೋಡಿ. ಅಲ್ಲಿ ರಸ್ತೆ ಕಿರಿದಾದರೆ ಮುಂದಿನವರು ನಿಲ್ಲುತ್ತಾರೆ, ಹಿಂದಿನವರು ನಿಲ್ಲುವುದಿಲ್ಲ. ಲಂಡನ್ ಮ್ಯಾರಥಾನಿನಲ್ಲಿ ಬೇರೆ ಬೇರೆ ಸ್ಟಾರ್ಟ್‌ಗಳಿಂದ ಹೊರಟವರು ಸುಮಾರು 3 ಮೈಲಿ ಓಡಿದ ಮೇಲೆ ಒಂದಾಗುತ್ತಾರೆ. ನ್ಯೂಯಾರ್ಕ್ ಮ್ಯಾರಥಾನಿನಲ್ಲಿ, ಸ್ಟಾರ್ಟ್ ಆಗುವ ಸೇತುವೆಯ ಮೇಲಿನ ಅಂತಸ್ತು, ಕೆಳಗಿನ ಅಂತಸ್ತು ಎರಡರಲ್ಲೂ ಓಡಿಸುತ್ತಾರೆ. ಕಬ್ಬನ್ ರೋಡಿನಲ್ಲಿ ನಮಗೆ ಅಂಥ ಸೇತುವೆ ಇಲ್ಲ. ಮೊದಲ 300 ಮೀಟರಿನಲ್ಲಿ ಒಂದು ಬ್ಯಾರಿಕೇಡ್ ಓರೆಯಾಗಿ ನಿಂತಿದ್ದರೂ ಸರಿಸಿ.

ನಾನು ಹಗ್ಗ ತಂದಿದ್ದೇನೆ. ಹೊರಗೆ ಹೋಗಿ ವೇವ್ ತಡೆದು ನಡೆಸುವುದನ್ನು ಒಮ್ಮೆ ಮಾಡಿ ನೋಡೋಣ. ಎಂಟು ಜನ ಹಗ್ಗಕ್ಕೆ ಬನ್ನಿ, ಉಳಿದವರು ಓಟಗಾರರು. ಧ್ವನಿ ದೊಡ್ಡದಿರುವವರು ಕೊನೆಯ ಸಾಲಿನ ಹಿಂದೆ ನಿಲ್ಲಿ.