ಐಡಿಟರಾಡ್ ನೋಡೋಕೆ ಹೋದರೆ ಎಲ್ಲಿ ನಿಲ್ಲಬೇಕು?

ಐಡಿಟರಾಡ್ ಅಂದರೆ ಅಮೆರಿಕದ ಅಲಾಸ್ಕಾದಲ್ಲಿ ನಡೆಯೋ ನಾಯಿ ಸ್ಲೆಡ್ ಓಟ, ಮುಗಿಯೋದು ನೋಮ್ ಅನ್ನೋ ಊರಲ್ಲಿ. ಸ್ಲೆಡ್ ಅಂದರೆ ಹಿಮದ ಮೇಲೆ ಜಾರೋ ಗಾಡಿ. ಇದು ಅಲಾಸ್ಕಾದ ಆಂಕರೇಜ್, ಫೋರ್ತ್ ಅವೆನ್ಯೂ. ಮಾರ್ಚ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ರಸ್ತೆ ಮೇಲೆ ಕಾಣ್ತಿರೋ ಹಿಮವನ್ನ ಲಾರಿಯಲ್ಲಿ ತಂದು ಸುರಿದು ಹರಡಿದ್ದಾರೆ. ಎರಡೆರಡು ನಿಮಿಷಕ್ಕೆ ಒಂದೊಂದು ನಾಯಿ ತಂಡ ಹೊರಡುತ್ತೆ. ಸ್ಲೆಡ್‌ನಲ್ಲಿ ಕೂತು ಕೈಬೀಸ್ತಿರೋ ಜನ ಹರಾಜಿನಲ್ಲಿ ದುಡ್ಡು ಕೊಟ್ಟು ಆ ಜಾಗ ಪಡೆದವರು. ಇವತ್ತಿನ ಹನ್ನೊಂದು ಮೈಲಿ ಬರೀ ಮೆರವಣಿಗೆ, ಈ ಸಮಯ ಲೆಕ್ಕಕ್ಕೆ ಬರೋದಿಲ್ಲ. ಟಿಕೆಟ್ ಬೇಕಿಲ್ಲ, ನಾಯಿಗಳು ಕೈಗೆಟುಕೋ ಅಷ್ಟು ಹತ್ತಿರ ಹಾದುಹೋಗ್ತವೆ. ಮಕ್ಕಳಿದ್ದರೆ ಇದೇ ಒಳ್ಳೆ ಜಾಗ. ಆದರೆ ಇದನ್ನಷ್ಟೇ ನೋಡಿ ವಾಪಸ್ ಬಂದರೆ ತೇರಿನ ಅಲಂಕಾರ ನೋಡಿ, ತೇರು ಎಳೆಯೋದನ್ನ ನೋಡದೆ ಬಂದ ಹಾಗೆ.

ನಿಜವಾದ ಓಟ ಮಾರನೇ ದಿನ, ಭಾನುವಾರ ಮಧ್ಯಾಹ್ನ ಎರಡಕ್ಕೆ, ವಿಲೋ ಅನ್ನೋ ಊರಿನ ಹೆಪ್ಪುಗಟ್ಟಿದ ಕೆರೆ ಮೇಲೆ ಶುರುವಾಗುತ್ತೆ. ಹಿಮ ಕಡಿಮೆ ಬಿದ್ದ ವರ್ಷ ಜಾಗವೇ ಬದಲಾಗುತ್ತೆ: 2003, 2015, 2017, 2025ರಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಹೊರಟರು. ಹಾಗಾಗಿ ವಿಲೋ ಹತ್ತಿರ ರೂಮ್ ಮಾಡೋದಾದರೆ ರದ್ದು ಮಾಡಿದರೆ ಹಣ ವಾಪಸ್ ಬರೋ ತರದ್ದೇ ಮಾಡಿ. ಆಂಕರೇಜ್‌ನಿಂದ ಇರೋದು ಒಂದೇ ಹೆದ್ದಾರಿ, ಆ ದಿನ ಅದು ಆಮೆ ನಡಿಗೆ. ಬೆಳಿಗ್ಗೆನೇ ಹೊರಡಿ. ಗೇಟಿನ ಹತ್ತಿರದ ನೂಕುನುಗ್ಗಲು ಬೇಡ ಅಂದರೆ ದಾರಿಯುದ್ದಕ್ಕೂ ಮುಂದಿನ ಕೆರೆಗಳ ಮೇಲೆ ಸ್ಥಳೀಯರು ಬೆಂಕಿ ಹಾಕಿಕೊಂಡು ಕೂತಿರ್ತಾರೆ, ಅಲ್ಲಿಗೆ ಹೋಗಿ.

ಶಬ್ದ ಗಮನಿಸಿ. ಸ್ಲೆಡ್ ನಿಂತಿರೋವಾಗ ಎಲ್ಲಾ ನಾಯಿಗಳೂ ಬೊಗಳ್ತಾ, ಹಗ್ಗ ಜಗ್ಗುತ್ತಾ ಕುಪ್ಪಳಿಸ್ತವೆ. ಸ್ಲೆಡ್ ನಿಲ್ಲಿಸೋಕೆ ಹಿಮದಲ್ಲಿ ನೆಟ್ಟಿದ್ದ ಕೊಕ್ಕೆ ಕಿತ್ತ ಕ್ಷಣದಲ್ಲೇ ಪೂರ್ತಿ ನಿಶ್ಶಬ್ದ. ಆಮೇಲೆ ಪಾದದ ಸದ್ದು, ಸ್ಲೆಡ್‌ನ ತಳದ ಪಟ್ಟಿಗಳ ಸರಸರ, ಅಷ್ಟೇ.

ಈಗ ನಾಯಿಗಳನ್ನ ಕಟ್ಟಿರೋ ಈ ಕಟ್ಟನ್ನ ಸ್ವಲ್ಪ ನಿಲ್ಲಿಸಿ ನೋಡೋಣ. ನಡುವೆ ಒಂದು ಉದ್ದ ಹಗ್ಗ, ಗ್ಯಾಂಗ್‌ಲೈನ್. ಅದಕ್ಕೆ ಜೋಡಿ ಜೋಡಿಯಾಗಿ ನಾಯಿಗಳು. ಪ್ರತಿ ನಾಯಿಗೆ ಎರಡು ಹಗ್ಗ: ಬೆನ್ನ ಹಿಂದಿನಿಂದ ಬರೋ ಟಗ್‌ಲೈನ್ ಎಳೆಯೋದಕ್ಕೆ, ಕೊರಳಪಟ್ಟಿಯ ಗಿಡ್ಡ ನೆಕ್‌ಲೈನ್ ಸಾಲು ತಪ್ಪದಿರೋದಕ್ಕೆ. ಟಗ್‌ಲೈನ್ ಜೋತುಬಿದ್ದಿದ್ದರೆ ಆ ನಾಯಿ ಎಳೀತಾ ಇಲ್ಲ ಅಂತ ಅರ್ಥ. ಸುಸ್ತು, ನೋವು ಮೊದಲು ಗೊತ್ತಾಗೋದು ಇಲ್ಲೇ. ಮುಂದಿನ ಜೋಡಿ ಲೀಡ್, ಅದರ ಹಿಂದೆ ಸ್ವಿಂಗ್, ಸ್ಲೆಡ್‌ಗೆ ಒತ್ತಿಕೊಂಡಿರೋ ಜೋಡಿ ವೀಲ್. ತಿರುವುಗಳಲ್ಲಿ ಸ್ಲೆಡ್‌ನ ಹೊಡೆತ ತಿನ್ನೋದು ಈ ವೀಲ್ ನಾಯಿಗಳು, ಅದಕ್ಕೇ ಅಲ್ಲಿ ಗಟ್ಟಿಮುಟ್ಟಾದವನ್ನ ಕಟ್ತಾರೆ. ಲಗಾಮಿಲ್ಲ, ಮೂಗುದಾರವಿಲ್ಲ, ಇರೋದು ಬಾಯಿಮಾತು: 'ಜೀ' ಅಂದರೆ ಬಲ, 'ಹಾ' ಅಂದರೆ ಎಡ. ನಾಯಿ ಓಡಿಸೋರನ್ನ ಮಶರ್ ಅಂತಾರೆ.

ನಿಮಗೆ ಹಿತ ಅನಿಸೋ ಬಿಸಿಲು ಈ ನಾಯಿಗಳಿಗೆ ಕಷ್ಟ. ನಮ್ಮ ಹಾಗೆ ಮೈ ಬೆವರಿ ತಂಪಾಗೋ ಅನುಕೂಲ ಅವಕ್ಕಿಲ್ಲ, ನಾಲಿಗೆ ಚಾಚಿ ತೇಕಬೇಕು. ಮೈನಸ್ ಇಪ್ಪತ್ತರ ಆಸುಪಾಸು ಅವಕ್ಕೆ ಹದವಾದ ಹವೆ. ಹಾಗಾಗಿ ವಿಲೋದಲ್ಲಿ ಯಾರಾದರೂ ಬ್ರೇಕ್ ಒತ್ತಿ ನಿಧಾನಕ್ಕೆ ಹೋಗ್ತಿದ್ದರೆ ಹಿಂದೆ ಬಿದ್ದರು ಅಂದುಕೊಳ್ಳಬೇಡಿ.

ಇಡೀ ಓಟ ಸುಮಾರು ಸಾವಿರ ಮೈಲಿ, ಅಂದರೆ 1,600 ಕಿಲೋಮೀಟರ್. ಓಡೋವಾಗ ವೇಗ ಗಂಟೆಗೆ ಹದಿಮೂರು–ಹದಿನಾರು ಕಿಲೋಮೀಟರ್, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಹುಟ್ಟೋದು ನಿಂತಲ್ಲಿ. ಅದಕ್ಕೇ ನಮ್ಮ ಸಲಹೆ ಇಷ್ಟು: ದುಡ್ಡು ಒಂದೇ ಕಡೆ ಸುರಿಯೋದಾದರೆ ಒಂದು ಚೆಕ್‌ಪಾಯಿಂಟ್, ಅಂದರೆ ದಾರಿಯಲ್ಲಿ ತಂಡಗಳು ನಿಲ್ಲೋ ತಾಣ ನೋಡಿ. ರಸ್ತೆ ಇಲ್ಲ, ಸ್ಕ್ವೆಂಟ್ನಾ, ಫಿಂಗರ್ ಲೇಕ್ ಕಡೆಗೆ ಕಾಲಿಗೆ ಸ್ಕೀ ಕಟ್ಟಿಕೊಂಡ ಸಣ್ಣ ವಿಮಾನಗಳಲ್ಲಿ ಹೋಗಿ ಹೆಪ್ಪುಗಟ್ಟಿದ ನೀರಿನ ಮೇಲೆ ಇಳೀಬೇಕು.

ಈ ದೃಶ್ಯದಲ್ಲಿ ತಂಡ ಈಗಷ್ಟೇ ಬಂದು ನಿಂತಿದೆ. ಮಶರ್ ಕೈಕೆಲಸದ ಕ್ರಮ ನೋಡಿ. ಕೊಕ್ಕೆ ನೆಟ್ಟರು. ಟಗ್‌ಲೈನ್ ಬಿಚ್ಚಿದರು, ಎಳೆಯೋ ಕೆಲಸ ಮುಗೀತು ಅಂತ ನಾಯಿಗೆ ಗೊತ್ತಾಗೋದೇ ಇದರಿಂದ. ಒಂದೊಂದು ತುಂಡು ಕೊಬ್ಬು ಅಥವಾ ಮೀನು. ಆಮೇಲೆ ನಾಲ್ಕೂ ಕಾಲಿನ ಬೂಟಿ ಬಿಚ್ಚೋದು. ಬೂಟಿ ಅಂದರೆ ಬಟ್ಟೆಯ ಪಾದಚೀಲ. ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟದ ಹಾಗೆ, ಪಾದ ತರಚದ ಹಾಗೆ ಕಾಯುತ್ತೆ. ಪಟ್ಟಿ ಬಿಗಿಯಾದರೆ ಮಣಿಕಟ್ಟು ಊದುತ್ತೆ, ಸಡಿಲವಾದರೆ ದಾರಿಯಲ್ಲೇ ಕಳಚಿಬೀಳುತ್ತೆ, ಒದ್ದೆಯಾದದ್ದು ಹಾಗೇ ಬಿಟ್ಟರೆ ಕಾಲಲ್ಲೇ ಹೆಪ್ಪುಗಟ್ಟುತ್ತೆ. ಸವೆದು ತೂತಾಗೋದು ಎಷ್ಟು ಅಂದರೆ ಇಡೀ ಓಟಕ್ಕೆ ಒಂದು ತಂಡ ಸಾವಿರಕ್ಕೂ ಹೆಚ್ಚು ಬೂಟಿ ಇಟ್ಟುಕೊಳ್ಳುತ್ತೆ.

ನಂತರ ಒಣಹುಲ್ಲು ಹರಡಬೇಕು, ಇಲ್ಲದಿದ್ದರೆ ಮೈಯ ಕಾವನ್ನ ಹಿಮ ಹೀರಿಬಿಡುತ್ತೆ. ನಾಯಿಗಳು ಸುತ್ತು ಹಾಕಿ ಮುದುಡಿಕೊಂಡವು. ಮಶರ್ ಕೂರೋ ಹಾಗಿಲ್ಲ, ಈಗ ಒಲೆ. ಕನಿಷ್ಠ ಮೂರು ಗ್ಯಾಲನ್, ಅಂದರೆ ಹನ್ನೊಂದು ಲೀಟರ್‌ಗೂ ಸ್ವಲ್ಪ ಹೆಚ್ಚು ನೀರು ಕುದಿಸೋ ಪಾತ್ರೆ ಜೊತೆಗಿರಲೇಬೇಕು ಅಂತ ನಿಯಮವಿದೆ. ಇಂಧನ ಮೆಥನಾಲ್, ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣೋದಿಲ್ಲ, ಆರಿದೆ ಅಂದುಕೊಂಡು ಮತ್ತೆ ಸುರಿದರೆ ಕೈ ಸುಟ್ಟ ಹಾಗೇ. ಒಣ ಹಿಮವನ್ನ ಬರೀ ಪಾತ್ರೆಗೆ ತುಂಬಿದರೆ ತಳ ಸೀಯುತ್ತೆ, ಮೊದಲು ಒಂದಿಷ್ಟು ನೀರು ಹಾಕಿ ಮೇಲೆ ಹಿಮ ಹಾಕಬೇಕು. ಬಿಸಿನೀರಿಗೆ ಮಾಂಸ, ಒಣ ಆಹಾರ ಬೆರೆಸಿ ಗಂಜಿಯ ಹಾಗೆ ಮಾಡ್ತಾರೆ. ಬರೀ ನೀರಿಟ್ಟರೆ ನಾಯಿಗಳು ಸಾಕಷ್ಟು ಕುಡಿಯೋದಿಲ್ಲ, ಮಾಂಸದ ವಾಸನೆ ಇದ್ದರೆ ಬಟ್ಟಲು ನೆಕ್ತವೆ. ಒಂದು ನಾಯಿಗೆ ದಿನಕ್ಕೆ ಹತ್ತು ಸಾವಿರ ಕ್ಯಾಲೊರಿಯಷ್ಟು ಬೇಕು. ಈ ಸಾಮಾನೆಲ್ಲ ಓಟಕ್ಕೂ ಮೊದಲೇ ಸ್ವಯಂಸೇವಕ ಪೈಲಟ್‌ಗಳು ತಂದಿಳಿಸಿರ್ತಾರೆ.

ಪಾದಕ್ಕೆ ಮುಲಾಮು, ಕೀಲಿಗೆ ನೀವೋದು, ಪಶುವೈದ್ಯರ ತಪಾಸಣೆ. ಇಷ್ಟೆಲ್ಲ ಮುಗಿಸಿ ಮಶರ್‌ಗೆ ನಿದ್ದೆ ಒಂದು ಗಂಟೆಯೋ ಎರಡೋ. ಸೋತ ನಾಯಿಯನ್ನ ಇಲ್ಲೇ ಬಿಟ್ಟು ವಿಮಾನದಲ್ಲಿ ವಾಪಸ್ ಕಳಿಸಬಹುದು, ಬದಲಿಗೆ ಹೊಸದು ಸೇರಿಸೋ ಹಾಗಿಲ್ಲ. ಕೊನೆ ಮುಟ್ಟೋವಾಗ ಐದಾದರೂ ಕಟ್ಟಿನಲ್ಲಿರಬೇಕು. ಓಟದಲ್ಲಿ ನಾಯಿಗಳು ಸತ್ತಿದ್ದೂ ಉಂಟು, ಪ್ರಾಣಿದಯಾ ಸಂಘಟನೆಗಳ ವಿರೋಧವೂ ಗಟ್ಟಿಯಾಗಿದೆ. ನೋಡೋಕೆ ಹೋಗೋರು ಅದನ್ನೂ ತಿಳಿದೇ ಹೋಗಿ.

ನೋಡೋರು ಮಾಡೋ ತಪ್ಪು ಯಾವುದು? ಮಲಗಿದ ತಂಡದ ಹತ್ತಿರ ಮಾತಾಡೋದು, ಫ್ಲ್ಯಾಶ್ ಹೊಡೆಯೋದು. ದಾರಿ ಪಕ್ಕ ಕೈಗವಸು ಬೀಳಿಸೋದು. ಓಡ್ತಾ ಓಡ್ತಾನೇ ನಾಯಿ ಅದನ್ನ ಕಚ್ಚಿ ನುಂಗಬಹುದು.

ಉಡುಪಿನಲ್ಲಿ ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಒಳಗೆ ಉಣ್ಣೆ, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯೋ ದಪ್ಪ ಪಾರ್ಕಾ ಕೋಟು. ಶೂ ಒಂದು ಸೈಜ್ ದೊಡ್ಡದಿರಲಿ. ಬಿಗಿ ಶೂಗೆ ಎರಡು ಸಾಕ್ಸ್ ತುರುಕಿದರೆ ರಕ್ತ ಓಡದೆ ಕಾಲು ಇನ್ನೂ ಬೇಗ ಮರಗಟ್ಟುತ್ತೆ. ಕೈ ಬೆಚ್ಚಗಿಡೋ ಪುಡಿ ಪೊಟ್ಟಣ ಕೆಲಸ ಮಾಡೋದು ಕಬ್ಬಿಣಕ್ಕೆ ಗಾಳಿ ತಾಗಿದಾಗ, ಮೊದಲೇ ಒಡೆದು ಸ್ವಲ್ಪ ಹೊತ್ತು ಹೊರಗಿಡಿ. ಕ್ಯಾಮೆರಾ ಬ್ಯಾಟರಿ ಒಳಜೇಬಿನಲ್ಲಿ. ಹೊರಗಿಂದ ಬೆಚ್ಚಗಿನ ಕೋಣೆಗೆ ಹೋಗೋ ಮೊದಲೇ ಕ್ಯಾಮೆರಾವನ್ನ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ಹಬೆ ಚೀಲದ ಹೊರಗೆ ಕೂರುತ್ತೆ, ಲೆನ್ಸ್ ಮೇಲಲ್ಲ. ಹಿಮ ಬೂದು ಬಣ್ಣಕ್ಕೆ ಬಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ.

ಕೊನೆಗೆ ನೋಮ್, ಬೇರಿಂಗ್ ಸಮುದ್ರದ ದಂಡೆ. ಇಲ್ಲಿಗೂ ರಸ್ತೆಯಿಲ್ಲ, ಆಂಕರೇಜ್‌ನಿಂದ ವಿಮಾನವೇ. ರೂಮ್‌ಗಳು ತುಂಬಾ ಮುಂಚೆನೇ ಮುಗಿದುಹೋಗ್ತವೆ. ಗೆಲ್ಲೋರು ಸಾಮಾನ್ಯವಾಗಿ ಎರಡನೇ ವಾರದ ಮಂಗಳವಾರದ ಆಸುಪಾಸಿಗೆ ಬರ್ತಾರೆ. ಪ್ರತಿ ತಂಡಕ್ಕೂ ದಾರಿಯಲ್ಲಿ ಒಮ್ಮೆ 24 ಗಂಟೆ, ಯೂಕಾನ್ ನದಿ ಮೇಲೆ ಒಮ್ಮೆ ಎಂಟು ಗಂಟೆ, ವೈಟ್ ಮೌಂಟನ್ ಚೆಕ್‌ಪಾಯಿಂಟ್‌ನಲ್ಲಿ ಮತ್ತೆ ಎಂಟು ಗಂಟೆ ಕಡ್ಡಾಯ ವಿಶ್ರಾಂತಿ. ಈ ಕೊನೇದೇ ನಿಮ್ಮ ಗಡಿಯಾರ: ಮೊದಲಿಗರು ವೈಟ್ ಮೌಂಟನ್ ಮುಟ್ಟಿದ ಹೊತ್ತಿಗೆ ಎಂಟು ಗಂಟೆ ಸೇರಿಸಿ, ಉಳಿದ 77 ಮೈಲಿಗೆ ಇನ್ನೊಂದು ಒಂಬತ್ತು–ಹತ್ತು ಗಂಟೆ ಸೇರಿಸಿ. ಅಷ್ಟರವರೆಗೆ ಮಲಗಿ. ಲೆಕ್ಕ ತಪ್ಪೋದು ಗಾಳಿಯಿಂದ. 2014ರಲ್ಲಿ ಮುಂದಿದ್ದ ಮಶರ್ ಜೆಫ್ ಕಿಂಗ್ ಇದೇ ದಂಡೆಯ ಬಿರುಗಾಳಿಗೆ ಸಿಕ್ಕಿ ಓಟ ಬಿಟ್ಟರು, ಅವರ ಹಿಂದಿದ್ದ ಆಲಿ ಜರ್ಕಲ್ ಸೇಫ್ಟಿ ಅನ್ನೋ ಕೊನೇ ಚೆಕ್‌ಪಾಯಿಂಟ್‌ನಲ್ಲಿ ಗಾಳಿಗೆ ತಡೆದು ನಿಂತರು, ತಾವು ಮೂರನೆಯವರು ಅಂದುಕೊಂಡೇ ಓಡಿಸಿದ ಡಲ್ಲಾಸ್ ಸೀವಿ ಎರಡು ನಿಮಿಷ ಚಿಲ್ಲರೆ ಅಂತರದಲ್ಲಿ ಗೆದ್ದರು.

ಸೇಫ್ಟಿಯಿಂದ ನೋಮ್‌ಗೆ 22 ಮೈಲಿ, ಸುಮಾರು ಮೂರು ಗಂಟೆ. ತಂಡ ಊರ ಹತ್ತಿರ ಬಂದಾಗ ಅಗ್ನಿಶಾಮಕ ಸೈರನ್ ಕೂಗುತ್ತೆ, ರಾತ್ರಿ ಎರಡು ಗಂಟೆಯಾದರೂ ಸರಿ. ಅದು ಕೇಳಿದ ಮೇಲೆ ಬೂಟು, ಪಾರ್ಕಾ ಹಾಕಿಕೊಂಡು ಫ್ರಂಟ್ ಸ್ಟ್ರೀಟ್‌ನ ಮರದ ಕಮಾನಿನ ಹತ್ತಿರ ಹೋಗೋಕೆ ಹೊತ್ತಿರುತ್ತೆ. ಬ್ಯಾಟರಿ ಮಾತ್ರ ಒಳಜೇಬಿನಲ್ಲೇ ಇರಲಿ.